ನೂಲಿನ ಪೇಟೆಯಲ್ಲಿ ಒಂದು ಸುತ್ತು

(ಬಳಗಾನೂರಿನಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಸಂಘಟನೆಯ ಕೆಲಸಕ್ಕೆಂದು ಇಳಕಲ್ಲಿಗೆ ಹೋಗಿದ್ದೆ. ಸಭೆ ಇದ್ದುದು ಸಂಜೆಗೆ, ನಾನು ಮುಟ್ಟಿದ್ದು ಬೆಳಿಗ್ಗೆ. ಇಡೀ ಹಗಲು ಕೈಯಲ್ಲಿತ್ತು. ವಿಜಯ ಮಹಾಂತೇಶ ಮಠದ ಕಡೆಯಿಂದ ಹಳೇ ಪೇಟೆಯೊಳಗೆ ಅಡ್ಡಾಡುತ್ತ ಹೊರಟೆ. ಆ ಅಡ್ಡಾಟದಲ್ಲಿ ಕಂಡುದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ನಾನು ದೊಡ್ಡ ಓದು ಓದಿದವನಲ್ಲ; ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು. ಆದುದರಿಂದ ಲೆಕ್ಕದ ಮಾತೇ ಹೆಚ್ಚು ಬಂದೀತು, ಬೇಸರಿಸಬೇಡಿ.

ಇಳಕಲ್ಲು ನಮಗೆ ಪರವೂರಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಅದು ಮುಂಬಯಿ ರಾಜ್ಯದಲ್ಲಿತ್ತು, ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಗಡಿ ಏನೇ ಇರಲಿ, ನಮ್ಮ ತಾಯಂದಿರು ಉಟ್ಟದ್ದು ಇಳಕಲ್ ಸೀರೆಯನ್ನೇ.

ಪೇಟೆಯ ಮುಂಭಾಗದಲ್ಲಿ ಸೀರೆಯ ಅಂಗಡಿಗಳು. ಗಾಜು, ದೀಪ, ಹಾಸಿದ ಬಿಳೀ ಗಾದಿ. ಅವನ್ನು ದಾಟಿ ಸಂದಿಗೆ ಹೊರಳಿದರೆ ನೂಲಿನ ಅಂಗಡಿಗಳು. ಅಲ್ಲಿ ಗಾಜೂ ಇಲ್ಲ, ಗಾದಿಯೂ ಇಲ್ಲ. ಗಳಕ್ಕೆ ತೂಗುಹಾಕಿದ ಬಣ್ಣದ ಲಡಿಗಳು: ದಾಳಿಂಬೆಯ ಕೆಂಪು, ನವಿಲಿನ ಹಸಿರು. ಒಂದು ಕಡೆ ಹತ್ತಿಯ ನೂಲು, ಒಂದು ಕಡೆ ರೇಶಿಮೆ, ಇನ್ನೊಂದು ಕಡೆ ಚಮಕಾ ಎಂದು ಕರೆಯುವ ಕೃತಕ ರೇಶಿಮೆ. ಒಳಗಿನ ಓಣಿಗಳಿಂದ ಮಗ್ಗದ ಸಪ್ಪಳ.

ಒಂದು ಅಂಗಡಿಯವರು ಕರೆದು ಕೂಡಿಸಿ ಚಹಾ ಕೊಟ್ಟರು. "ನಂಬರು ಅಂದ್ರ ಏನ್ರೀ?" ಎಂದು ಕೇಳಿದೆ. ಲಡಿಯೊಂದನ್ನು ಕೈಗಿಟ್ಟು ತಿಳಿಸಿದರು. ಒಂದು ಲಡಿಗೆ 840 ಗಜ ನೂಲು. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತವೋ ಅದೇ ಆ ನೂಲಿನ ನಂಬರು. 80ನೇ ನಂಬರಿನ ಒಂದು ಪೌಂಡು ನೂಲನ್ನು ಬಿಚ್ಚಿ ಎಳೆದರೆ 67,200 ಗಜ, ಅಂದರೆ 38 ಮೈಲು. ಅಷ್ಟು ದೂರವೂ ನೇಕಾರನ ಬೆರಳ ನಡುವೆ ಹಾದುಹೋಗಬೇಕು.

ಮತ್ತೆ ಅವರೇ ಅಂದರು: "ಗಿರಣಿ ದರ ಏರಿದ್ರ ಅವತ್ತೇ ಏರತೈತಿ ಮಾಸ್ತರ್ರ, ಇಳಿದ್ರ ಮಾತ್ರ ತಡಾಗಿ ಬರತೈತಿ. ನಾವೂ ಉದ್ರಿ ತಂದೇ ಉದ್ರಿ ಕೊಡೋರು." ಈ ಮಾತು ಅಂಗಡಿಕಾರ ಬಂಧುಗಳಿಗೆ ಹೊಸದಲ್ಲ. ಸಂದಿಯಲ್ಲಿ ಕೂತ ನೂಲಿನ ವ್ಯಾಪಾರಿಯನ್ನು ಬೈದು ನಾವು ಸಮಾಧಾನ ಪಡಬಾರದು. ಅವನ ಕೊರಳಿಗೂ ಅದೇ ನೂಲು ಸುತ್ತಿದೆ.

ಅಲ್ಲಿಂದ ಒಂದು ಮನೆಗೆ ಹೋದೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಇಳಕಲ್ ಸೀರೆಯ ಹೆಚ್ಚುಗಾರಿಕೆ ಅದೇ. ಈ ಬಗೆಯಲ್ಲಿ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಮುಂದಿನ ಸೀರೆಗೆ ಮತ್ತೆ ಕೊಂಡಿ. ಮನೆಯಾಕೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ಪಕ್ಕದಲ್ಲಿ ಹತ್ತು ವರ್ಷದ ಹುಡುಗ ಲಡಿ ಬಿಡಿಸುತ್ತಿದ್ದ.

ಅವನನ್ನು ಕಂಡೊಡನೆ ನನ್ನ ಹಳೆಯ ತಪ್ಪೊಂದು ನೆನಪಿಗೆ ಬಂದಿತು. ನಾನು ಮಾಸ್ತರನಾಗಿದ್ದಾಗ ನೇಕಾರರ ಹುಡುಗನೊಬ್ಬ ವಾರಕ್ಕೆ ಮೂರು ದಿನ ಶಾಲೆ ತಪ್ಪಿಸುತ್ತಿದ್ದ. ಮೈಗಳ್ಳ ಎಂದು ಎಲ್ಲರೆದುರು ಬೈದು ನಿಲ್ಲಿಸಿದ್ದೆ. ಅವನು ಮರುದಿನದಿಂದ ಬರಲೇ ಇಲ್ಲ. ಕರೆಯಲು ಮನೆಗೆ ಹೋದರೆ ಹುಡುಗ ಕಂಡಿಕೆ ಸುತ್ತುತ್ತ ಕೂತಿದ್ದ. ಮನೆಯಲ್ಲಿ ಮೈಗಳ್ಳರು ಒಬ್ಬರೂ ಇರಲಿಲ್ಲ. ನಾನು ಶಾಲೆ ಬಿಟ್ಟು ಈ ಕೆಲಸಕ್ಕೆ ಬಂದುದಕ್ಕೆ ಆ ದಿನವೂ ಒಂದು ಕಾರಣ.

ಇಳಕಲ್ಲಿನ ಆ ನೇಕಾರರನ್ನು ಕೇಳಿದೆ: "ಅಣ್ಣಾರ, ನೂಲು ಯಾರದು?" ಅವರು ಲಾಳಿ ನಿಲ್ಲಿಸದೆ ಹೇಳಿದರು: "ನೂಲು ಸಾವ್ಕಾರ್ರದು, ಸೀರಿ ಸಾವ್ಕಾರ್ರದು. ಕೈ ನಮ್ಮವು." ಮುಂಗಡ ತೀರುವ ತನಕ ಇನ್ನೊಬ್ಬರ ನೂಲು ಮುಟ್ಟುವಂತಿಲ್ಲ. ಖಾತೆ ಪುಸ್ತಕ ಇರುವುದೂ ಸಾವಕಾರರ ಮನೆಯಲ್ಲಿಯೇ.

ಬಂಧುಗಳೇ, ನನ್ನ ಮಾತಿನ ತಿರುಳು ಇಷ್ಟೇ. ಮಗ್ಗ ತನ್ನದಾದ ಮಾತ್ರಕ್ಕೆ ನೇಕಾರ ಸ್ವತಂತ್ರನಾಗುವುದಿಲ್ಲ. ನೂಲು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಕೂಲಿಯೂ ಇದೆ. ನಮ್ಮ ಎರೆಹೊಲದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಹೋಗುತ್ತದೆ, ಅಂಡಿಗೆಯಾಗಿ ಎಲ್ಲಿಯೋ ಗಿರಣಿ ಸೇರುತ್ತದೆ, ನೂಲಾಗಿ ಪೇಟೆಗೆ ಬರುತ್ತದೆ. ಬೆಳೆದವನು, ಗಿರಣಿಯಲ್ಲಿ ನೂತವನು, ಮಾರಿದವನು, ನೇಯ್ದವನು ಒಂದೇ ಎಳೆಯ ಮೇಲಿದ್ದರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ. ದರ ಕಟ್ಟುವವರಿಗೆ ಬೇಕಾದುದೂ ಅದೇ.

ಸರ್ಕಾರ ಏನು ಮಾಡಿದೆ? ಸ್ವದೇಶದಲ್ಲಿ ಮಾರುವ ನೂಲಿನಲ್ಲಿ ಇಷ್ಟು ಪಾಲು ಲಡಿಯಾಗಿಯೇ ಕಟ್ಟಬೇಕೆಂದು ಗಿರಣಿಗಳಿಗೆ ಕಟ್ಟಳೆ ಇದೆ. ಲಡಿಯ ನೂಲೇ ಕೈಮಗ್ಗಕ್ಕೆ ಬೇಕಾದುದು. ಆ ಪಾಲನ್ನು 2019ರಲ್ಲಿ ನೂರಕ್ಕೆ 40ರಿಂದ 30ಕ್ಕೆ ಇಳಿಸಿದರು. 2017ರ ಜುಲೈಯಿಂದ ಹತ್ತಿಯ ನೂಲಿನ ಮೇಲೆ ನೂರಕ್ಕೆ 5ರ ಜಿಎಸ್‌ಟಿ ಬಂದಿತು. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರಲ್ಲಿ ರದ್ದುಮಾಡಿದರು. ಸರ್ಕಾರದ್ದೇ 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ಆದಾಯ ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ. ಗಾಜಿನೊಳಗಿನ ಸೀರೆಯ ಬೆಲೆಯ ಚೀಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ಕೂಡಿ ಕೊಳ್ಳುವುದು. 1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ಗಿರಣಿಯ ಬಾಗಿಲ ದರದಲ್ಲಿ ನೂಲು ಪಡೆಯಲು ಸಂಘಗಳಿಗೆ ಅವಕಾಶವಿದೆ. ಬರೀ ಹಲಗೆ ತೂಗುಹಾಕಿದ ಸಂಘವಲ್ಲ, ಲೆಕ್ಕ ಓದಿ ಹೇಳುವ ಸಂಘ ಬೇಕು. ಎರಡನೆಯದು, ಲಡಿಯ ಪಾಲನ್ನು ಮತ್ತೆ 40ಕ್ಕೆ ಏರಿಸಬೇಕೆಂದು ಒಟ್ಟಾಗಿ ಕೇಳುವುದು. ಗಿರಣಿ ಕಾರ್ಮಿಕರ ಸಹಿಯೂ ಆ ಅರ್ಜಿಯಲ್ಲಿರಲಿ. ಮೂರನೆಯದು, ನೇಕಾರರಿರಲಿ, ಹಮಾಲರಿರಲಿ, ಚಿಲ್ಲರೆ ಅಂಗಡಿಯವರಿರಲಿ, ಉದ್ರಿ ತಂದವರೆಲ್ಲ ತಮ್ಮ ಖಾತೆಯ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳುವುದು.

ಬರೆಯಲು ಬಾರದು ಎನ್ನುವವರು ಸಂಕೋಚ ಬಿಡಿ. ಪ್ರತಿ ಭಾನುವಾರ ಸಂಜೆ ಇದೇ ಕಟ್ಟೆಯ ಮೇಲೆ ಕೂತು ಲೆಕ್ಕ ಕಲಿಸುತ್ತೇನೆ. ಪಾಟಿ ನಾನು ತರುತ್ತೇನೆ, ಖಾತೆ ಪುಸ್ತಕ ನೀವು ತನ್ನಿ. ಈ ಸಲ ಯಾರನ್ನೂ ಬೈಯುವುದಿಲ್ಲ.