ಸಹನೆಯೆಂದರೆ ಕಣ್ಣೀರನ್ನು ತಡೆಯುವುದಲ್ಲ



ಮರಣ ಸಂಭವಿಸಿದ ಮನೆಗೆ ನಾವು ಹೋಗುತ್ತೇವೆ. ಮಗನನ್ನು ಕಳಕೊಂಡ ತಾಯಿಗೆ ‘ಅಳಬೇಡಿ, ಸಹನೆ ವಹಿಸಿ’ ಎಂದು ಉಪದೇಶಿಸಿ ಎದ್ದು ಬರುತ್ತೇವೆ. ಅಳುವುದು ವಿಶ್ವಾಸದ ಕೊರತೆಯೆಂದು ನಮಗೆ ಕಲಿಸಿದವರು ಯಾರು? ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುತ್ತಿದ್ದಾಗ ಪ್ರವಾದಿ ಮುಹಮ್ಮದ್(ಸ)ರ ಕಣ್ಣುಗಳು ತುಂಬಿ ಹರಿದಿದ್ದವು. ಅಚ್ಚರಿಯಿಂದ ವಿಚಾರಿಸಿದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ, ಇದು ಕಾರುಣ್ಯವೆಂದು ಅವರು ತಿಳಿಸಿದರು. ಹೃದಯ ದುಃಖಿಸಿದರೂ ಪ್ರಭುವಿಗೆ ಮೆಚ್ಚುಗೆಯಾಗದ ಮಾತನ್ನು ನಾಲಿಗೆ ಆಡಬಾರದು. ಸಹನೆಯ ಎಲ್ಲೆ ಇಷ್ಟೇ.

ನಮ್ಮ ಕಾಲದ ಒಂದು ಉದಾಹರಣೆಯನ್ನು ನೋಡಿ. 2019ರ ಮಾರ್ಚ್ 15, ಶುಕ್ರವಾರ. ನ್ಯೂಝಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳ ಮೇಲೆ ನಡೆದ ಗುಂಡಿನ ದಾಳಿಗೆ 51 ಮಂದಿ ಬಲಿಯಾದರು. ಅನ್ನೂರ್ ಮಸೀದಿಯಲ್ಲಿದ್ದ ಹುಸ್ನಾ ಅಹ್ಮದ್ ಮಹಿಳೆಯರನ್ನೂ ಮಕ್ಕಳನ್ನೂ ಹೊರಗೆ ಪಾರುಗೊಳಿಸಿದರು. ಬಳಿಕ ಗಾಲಿಕುರ್ಚಿಯಲ್ಲಿದ್ದ ಪತಿ ಫರೀದ್ ಅಹ್ಮದ್‌ರನ್ನು ಕರೆತರಲು ಮರಳಿದಾಗ ಗುಂಡಿಗೆ ಬಲಿಯಾದರು. ಪತಿ ಬದುಕುಳಿದರು. ತನ್ನ ಹೃದಯ ದ್ವೇಷದಿಂದ ಕುದಿಯುವುದು ಬೇಡವೆಂದು ಅವರು ಬಹಿರಂಗವಾಗಿ ಹೇಳಿದರು, ಹಂತಕನನ್ನು ಕ್ಷಮಿಸಿದರು. ಆದರೆ ಅವನ ಕೃತ್ಯವನ್ನು ಸಮರ್ಥಿಸಲಿಲ್ಲ. 2020ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಅವನಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು.

ಅದೇ ನ್ಯಾಯಾಲಯದಲ್ಲಿ, ‘ನಿನ್ನನ್ನು ಕ್ಷಮಿಸಲಾರೆ’ ಎಂದವರೂ ಇದ್ದರು. ಅವರ ವಿಶ್ವಾಸವನ್ನು ಅಳೆಯುವ ಅಧಿಕಾರ ನಮಗಿಲ್ಲ. ಪವಿತ್ರ ಕುರ್‌ಆನ್ ಕ್ಷಮೆಯನ್ನು ಶ್ರೇಷ್ಠವೆಂದಿದೆ. ಜೊತೆಗೇ, ಅನ್ಯಾಯಕ್ಕೊಳಗಾದವನಿಗೆ ನ್ಯಾಯ ಕೇಳುವ ಹಕ್ಕನ್ನೂ ನೀಡಿದೆ. ಕ್ಷಮೆಯು ನೊಂದವರ ಸ್ವಂತ ಆಯ್ಕೆಯಾಗಿರಬೇಕೇ ಹೊರತು ನಾವು ಹೊರಿಸುವ ಹೊರೆಯಾಗಬಾರದು.

‘ನನಗೇ ಏಕೆ ಹೀಗಾಯಿತು?’ ಎಂಬ ಪ್ರಶ್ನೆಗೆ ವಿಶ್ವಾಸವು ಸಿದ್ಧ ಉತ್ತರ ಕೊಡುವುದಿಲ್ಲ. ನಾವು ಅಲ್ಲಾಹನವರು, ಅವನೆಡೆಗೇ ಮರಳುವವರು ಎಂದು ಅದು ನೆನಪಿಸುತ್ತದೆ. ಅಗಲಿಕೆ ಶಾಶ್ವತವಲ್ಲ, ಯಾವ ಅನ್ಯಾಯವೂ ವಿಚಾರಣೆಯಿಲ್ಲದೆ ಉಳಿಯದು ಎಂಬ ಭರವಸೆ ಆ ಮಾತಿನಲ್ಲಿದೆ. ಬದುಕುಳಿದವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬ ದಾರಿಯೂ ಅದರಲ್ಲಿದೆ.

ಆದ್ದರಿಂದ ಸಾವಿನ ಮನೆಯಲ್ಲಿ ಉಪದೇಶ ಕಡಿಮೆ ಮಾಡೋಣ. ಜನರ ಓಡಾಟ ನಿಂತ ಮೇಲೂ ಆ ಬಾಗಿಲನ್ನು ತಟ್ಟೋಣ. ಅಡುಗೆಮನೆಯಲ್ಲಿ ಅಕ್ಕಿಯಿದೆಯೇ, ಮಕ್ಕಳ ಶಾಲಾ ಶುಲ್ಕ ಕಟ್ಟಲಾಗಿದೆಯೇ ಎಂದು ವಿಚಾರಿಸೋಣ. ನೊಂದವರ ಸಹನೆಗೆ ನಾವು ನೀಡಬಹುದಾದ ಆಸರೆ ಅದು.

ಅಲ್ಲಾಹನು ಎಲ್ಲ ನೊಂದ ಹೃದಯಗಳಿಗೆ ಸಾಂತ್ವನ ನೀಡಲಿ. ಆಮೀನ್.