ಪಾಂಡು ಎಂಬ ಹೆಸರು

(ಭೋರ್‌ನಲ್ಲಿ ಸೇರಿದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಹೋಟೆಲಿನ ಹುಡುಗರಿಗೆ ಒಂದು ಅಭ್ಯಾಸವುಂಟು. ಹವಾಲ್ದಾರನು ಚಹಾ ಕುಡಿದು, ದುಡ್ಡು ಕೊಡದೆ ಮೆಟ್ಟಿಲಿಳಿದನೆಂದರೆ ಬೆನ್ನ ಹಿಂದೆ 'ಪಾಂಡು ಹೋದ' ಎಂದು ನಗುತ್ತಾರೆ. ನಾನೂ ನಕ್ಕವನೇ. ಆದುದರಿಂದ ಇದನ್ನು ಉಪದೇಶವೆಂದು ತಿಳಿಯಬೇಡಿ.

ಆ ಹೆಸರಿನ ಬೇರು ನಾವು ಇಂದು ಕುಳಿತಿರುವ ಈ ಸೀಮೆಗೇ ಬಂದು ಮುಟ್ಟುತ್ತದೆ. ದಾದಾ ಕೋಂಡ್ಕೆಯವರ ಮನೆತನದ ಊರು ಭೋರ್ ಹತ್ತಿರದ ಇಂಗವಲಿ. ಹೊಟ್ಟೆಪಾಡಿಗಾಗಿ ಮುಂಬಯಿಯ ಗಿರಣಿ ಸೇರಿದ ಮನೆತನ. ದಾದಾ ಬೆಳೆದದ್ದು ನಾಯಗಾಂವದ ಚಾಳಿನಲ್ಲಿ. 1975ರಲ್ಲಿ ಅವರು 'ಪಾಂಡು ಹವಾಲ್ದಾರ್' ಚಿತ್ರ ತೆಗೆದು, ತಾವೇ ಹವಾಲ್ದಾರನ ವೇಷ ಹಾಕಿದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಚಿತ್ರ ಥಿಯೇಟರು ಬಿಟ್ಟಿತು. ಹೆಸರು ಪೇದೆಗೆ ಅಂಟಿತು. ಪಾಂಡು ಎಂದರೆ ಪಾಂಡುರಂಗ, ನಮ್ಮ ದಾಸರೂ ಹಾಡಿದ ದೇವರು. ಅವನ ಹೆಸರು ಹೀಗೆ ಬೈಗುಳವಾದದ್ದು ನೋಡಿ!

ಒಂದು ಸಂಗತಿ ಗಮನಿಸಿ. ಲಾಠಿ ಬೀಸಲು ಅಪ್ಪಣೆ ಕೊಡುವ ಸಾಹೇಬನನ್ನು ಯಾರೂ ಪಾಂಡು ಎನ್ನುವುದಿಲ್ಲ. ಆ ಹೆಸರು ಕೆಳಗಿನ ಮೆಟ್ಟಿಲಿನವನಿಗೇ ಮೀಸಲು. ಇದು ಹೇಗೆ ಚುಚ್ಚುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರನ್ನು 'ಯಂಡುಗುಂಡು', 'ಲುಂಗಿವಾಲಾ' ಎಂದು ಹಂಗಿಸಿದರು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಗಲ್ಲಾದ ಮೇಲೆ ಕುಳಿತ ಧನಿಗಿಂತ ಮೇಜು ಒರೆಸುವ ಹುಡುಗನಿಗೇ ಆ ಮಾತು ಹೆಚ್ಚು ತಾಗುವಂಥದು.

ಗಿರಣಿಯ ಸೋದರರಿಗೆ 1982ನ್ನು ನೆನಪಿಸಬೇಕಿಲ್ಲ. ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಮಂದಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಎದುರಿಗೆ ಬಂದೋಬಸ್ತಿಗೆ ಪೇದೆಗಳು. ಆದರೆ ವರ್ಳಿ, ನಾಯಗಾಂವದ ಬಿಡಿಡಿ ಚಾಳುಗಳಲ್ಲಿ ಪೇದೆಯ ಸಂಸಾರವೂ ಗಿರಣಿಯವನ ಸಂಸಾರವೂ ನೆರೆಹೊರೆ. ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಕೋಣೆಗೆ. ಏಳು ತಿಂಗಳು ಕಳೆದು, ಆಗಸ್ಟ್ 18ರಂದು, ಆ ಪೇದೆಗಳೇ ಬೀದಿಗಿಳಿದರು. ಸರಕಾರ ಅವರ ಸಂಘದ ಮಾನ್ಯತೆ ಕಿತ್ತುಕೊಂಡಿತು, ಮುಂದಾಳುಗಳನ್ನು ಹಿಡಿಯಿತು, ಸೈನ್ಯವನ್ನು ಕರೆಸಿತು. ಗಿರಣಿಯವರು ಸುಮ್ಮನಿರಲಿಲ್ಲ, ಪೇದೆಗಳ ಜೊತೆ ತಾವೂ ಬೀದಿಗೆ ಬಂದರು. ನಿನ್ನೆಯವರೆಗೆ ಲಾಠಿ ಹಿಡಿದು ಎದುರು ನಿಂತವನು ಅಂದು ಪಕ್ಕದಲ್ಲಿ ನಿಂತಿದ್ದ.

ಚಹಾದ ದುಡ್ಡು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಪಾಂಡು ಎಂದು ನಕ್ಕಿದ್ದರಿಂದ ಗಲ್ಲಾಕ್ಕೆ ಒಂದು ಕಾಸು ಬಂದದ್ದನ್ನು ನಾನಂತೂ ಕಂಡಿಲ್ಲ. ನಾಳೆ ಅವನು ಬಂದಾಗ ಮುಖ ನೋಡಿಯೇ ಕೇಳಿ: "ಹವಾಲ್ದಾರ್ ಸಾಹೇಬ್, ಎರಡು ಚಹಾ ಬಾಕಿ ಇದೆ."