ಅಂಕವಿಲ್ಲದ ಪುಟಗಳು
(ಶತಮಾನೋತ್ಸವ ಸಮಾರಂಭದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈಗಷ್ಟೇ ವಾಚಿಸಿದ ವರದಿಯಲ್ಲಿ ಕಟ್ಟಡಗಳ ವಿವರವಿತ್ತು, ದಾನಿಗಳ ಹೆಸರಿತ್ತು, ಪರೀಕ್ಷೆಯ ಫಲಿತಾಂಶವಿತ್ತು. ಅವೆಲ್ಲವೂ ಇರಬೇಕಾದವೇ. ಆದರೆ ಒಂದು ಮಗುವಿಗೂ ಓದು ಬರಹಕ್ಕೂ ನಡುವೆ ಏರ್ಪಡುವ ಸಂಬಂಧ ಯಾವ ದಾಖಲೆಯಲ್ಲಿಯೂ ಸೇರುವುದಿಲ್ಲ. ಶಾಲೆಯೊಂದು ನೂರು ವರ್ಷ ಬಾಳಿದುದರ ಫಲ ಮುಖ್ಯವಾಗಿ ಅಲ್ಲಿಯೇ ಇದೆಯೆಂದು ನಂಬಿರುವ ನಾನು, ಅದನ್ನು ಕುರಿತೇ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕಾಸರಗೋಡಿನ ಮಕ್ಕಳ ಓದಿಗೆ ಒಂದು ವಿಶೇಷವಿದೆ. ನಮ್ಮ ತರಗತಿಯೊಂದರಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ, ಹವ್ಯಕ ಕನ್ನಡಗಳನ್ನು ಮನೆಮಾತಾಗಿ ಉಳ್ಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಪುಸ್ತಕದ ಕನ್ನಡವನ್ನೇ ಮನೆಯಲ್ಲಿ ಆಡುವ ಮಗು ವಿರಳ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆಯೂ ಬೇರೆಯಾಯಿತು. ಹಾಗಾಗಿ ನಮ್ಮ ಅನೇಕ ಮಕ್ಕಳಿಗೆ ಕನ್ನಡವು ಅಕ್ಷರದ ಮೂಲಕವೇ ದೊರೆಯುವ ಭಾಷೆ. ಓದಿ ಬರೆದು ತನ್ನದಾಗಿಸಿಕೊಳ್ಳಬೇಕಾದ ಭಾಷೆ.

ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಮದ್ರಾಸು ಸರಕಾರವು 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಕನ್ನಡ ಕವಿಯಾಗಿ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬರೆದರು. ಮನೆಯ ಮಾತನ್ನು ಬಿಡದೆ ಕನ್ನಡದ ಬರಹವನ್ನು ಸ್ವಂತದ್ದಾಗಿಸಿಕೊಳ್ಳುವುದು ಈ ಮಣ್ಣಿಗೆ ಹೊಸತಲ್ಲ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿದ್ದ ಒಬ್ಬ ವಿದ್ಯಾರ್ಥಿನಿಯ ವಿಷಯವನ್ನು ಹೇಳುತ್ತೇನೆ. ಅವಳ ಮನೆಯಲ್ಲಿ ತುಳು ಮಾತು. ಅಜ್ಜಿಗೆ ಅಕ್ಷರ ಬಾರದು. ಬೀಡಿ ಕಟ್ಟುವುದು ಅವರ ಕಸುಬು. ಹುಡುಗಿ ಶಾಲೆಯ ಗ್ರಂಥಾಲಯದ ಕಥೆಗಳನ್ನು ಓದಿ, ಅಜ್ಜಿಯ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಹೇಳುತ್ತಿದ್ದಳು. ಒಂದು ದಿನ ಅಜ್ಜಿ ಕೇಳಿದರಂತೆ: "ನಮ್ಮ ಆಟಿ ತಿಂಗಳ ವಿಷಯ ಪುಸ್ತಕದಲ್ಲಿ ಬರುವುದಿಲ್ಲವೇ?" ಹುಡುಗಿ ತಾನೇ ಬರೆಯಲು ಕುಳಿತಳು.

ಸಹಪಾಠಿಯೊಬ್ಬಳು "ಆಟಿ ಎಂದರೆ ತುಳುವಾಯಿತು, ಆಷಾಢ ಎಂದು ಬರೆ" ಎಂದಳಂತೆ. ಯಾವುದು ಸರಿಯೆಂದು ಕೇಳಲು ಅವಳು ನನ್ನ ಬಳಿಗೆ ಬಂದಳು. ಆಷಾಢವು ಚಾಂದ್ರಮಾನದ ತಿಂಗಳು. ಆಟಿಯು ಸೌರಮಾನದ್ದು, ಜುಲೈ ನಡುವಿನಲ್ಲಿ ತೊಡಗುವಂಥದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥವೇ ಕೆಡುತ್ತದೆ. "ಆಟಿ ಎಂದೇ ಇರಲಿ" ಎಂದೆ.

ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿಯೇ ಪಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಕೆತ್ತಿ ತಂದು ಕಷಾಯ ಮಾಡುವುದನ್ನು ಅವಳು ಬರೆದಳು. ಬರೆದುದನ್ನು ಅಜ್ಜಿಗೆ ಓದಿ ಹೇಳಿದಳು. ಕೇಳಿದ ಅಜ್ಜಿ ತಲೆಯಾಡಿಸಲಿಲ್ಲ. "ಮರವನ್ನು ಗುರುತಿಸುವುದು ಹೇಗೆಂದು ನೀನು ಬರೆಯಲಿಲ್ಲ. ಕತ್ತಲೆಯಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ" ಎಂದರು. ಹುಡುಗಿ ಮರುದಿನ ಮರದ ಬುಡಕ್ಕೆ ಹೋಗಿ ನೋಡಿ ಬಂದು, ಎಲೆಗಳು ಕೊಂಬೆಯ ಸುತ್ತ ಗುಂಪಾಗಿರುವುದನ್ನೂ, ಗಾಯವಾದಲ್ಲಿ ಹಾಲು ಒಸರುವುದನ್ನೂ ಸೇರಿಸಿದಳು.

ಮಾನ್ಯರೇ, ನಾವು ಕಾಗುಣಿತವನ್ನು ತಿದ್ದಬಲ್ಲೆವು, ವಾಕ್ಯವನ್ನು ಸರಿಪಡಿಸಬಲ್ಲೆವು. ಅಜ್ಜಿ ಮಾಡಿದ ತಿದ್ದುಪಡಿಯನ್ನು ಅಜ್ಜಿಯೇ ಮಾಡಬೇಕು. ತಾನು ಬರೆದ ಮಾತನ್ನು ನಂಬಿ ಒಬ್ಬರು ತೊಗಟೆ ತರಲು ಹೋಗಬಹುದು, ಆದುದರಿಂದ ನೋಡಿ ಬರೆಯಬೇಕು ಎಂಬ ಅರಿವು ಅಂದು ಆ ಮಗುವಿಗೆ ಬಂತು. ಓದು ಬರಹವು ಮಗುವಿನ ಸ್ವಂತ ಸೊತ್ತಾಗುವುದು ಇಂತಹ ಗಳಿಗೆಯಲ್ಲಿ. ಆ ಪುಟಗಳಿಗೆ ಯಾರೂ ಅಂಕ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ.

ಪಿ. ಎನ್. ಪಣಿಕ್ಕರ್ ಅವರ ಸ್ಮರಣೆಯಲ್ಲಿ ಜೂನ್ 19ನ್ನು ನಾವು ವಾಚನಾ ದಿನವಾಗಿ ಆಚರಿಸುತ್ತೇವೆ. ಭಿತ್ತಿಪತ್ರ, ಪ್ರತಿಜ್ಞೆ, ರಸಪ್ರಶ್ನೆ ಎಲ್ಲವೂ ನಡೆಯುತ್ತವೆ, ನಡೆಯಬೇಕು. ಆದರೆ ಆ ವಾರ ಕಳೆದ ಮೇಲೂ ಪುಸ್ತಕವನ್ನು ಮನೆಗೊಯ್ಯುವ ಮಗುವಿನಲ್ಲಿ ಮಾತ್ರ ಆ ದಿನ ಸಾರ್ಥಕವಾಗುತ್ತದೆ.

ಪ್ರವೇಶಾತಿಯ ಕಾಲದಲ್ಲಿ ಹೆತ್ತವರು ನನ್ನಲ್ಲಿ ಕೇಳುವ ಪ್ರಶ್ನೆಯೊಂದಿದೆ: "ಟೀಚರ್, ಕನ್ನಡ ಓದಿ ಮುಂದೇನು?" ಪ್ರಶ್ನೆ ನ್ಯಾಯವಾದುದೇ. ಉದ್ಯೋಗಕ್ಕೆ ಇಂಗ್ಲಿಷ್ ಬೇಕು, ಈ ರಾಜ್ಯದ ಬದುಕಿಗೆ ಮಲಯಾಳವೂ ಬೇಕು. ಎರಡನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಕನ್ನಡಕ್ಕೆ ಉದ್ಯೋಗದ ಭರವಸೆಯನ್ನು ನಾನು ಕೊಡಲಾರೆ. ಆದರೆ ಮನೆಯಲ್ಲಿ ಕೇಳಿದುದನ್ನು ಬರೆದಿಡಲು ಒಂದು ಭಾಷೆ ಕೈಗೆ ಬಂದ ಮಗು, ಬೇರೆ ಯಾವ ಭಾಷೆಯನ್ನೂ ಅಂಜದೆ ಕಲಿಯುವುದನ್ನು ತರಗತಿಯಲ್ಲಿ ದಿನವೂ ಕಾಣುತ್ತಿದ್ದೇನೆ. ಆ ಕೈಗೆಟಕುವ ಭಾಷೆಯನ್ನು ನೂರು ವರ್ಷಗಳಿಂದ ಈ ಶಾಲೆ ಕೊಡುತ್ತಾ ಬಂದಿದೆ.

ಕೊನೆಯದಾಗಿ ಮೂರು ಬೇಡಿಕೆಗಳು. ಅಧ್ಯಾಪಕ ಬಂಧುಗಳೇ, ಪ್ರತಿ ಮಗುವಿಗೂ ಕೆಂಪು ಶಾಯಿ ತಾಗದ ಒಂದು ನೋಟ್‌ಬುಕ್ಕು ಇರಲಿ. ಮಗು ತಾನಾಗಿ ತೋರಿಸಿದರೆ ಮಾತ್ರ ಓದೋಣ. ಹೆತ್ತವರೇ, ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ ಫೋನನ್ನು ಬದಿಗಿಟ್ಟು ಮಗು ಓದುವುದನ್ನು ಕೇಳಿರಿ. ನಿಮಗೆ ಕನ್ನಡ ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಕೇಳುವ ಕಿವಿ ಸಾಕು. ಹಳೆಯ ವಿದ್ಯಾರ್ಥಿಗಳೇ, ನೀವು ಕೊಟ್ಟ ಕಪಾಟುಗಳಿಗಾಗಿ ಕೃತಜ್ಞರಾಗಿದ್ದೇವೆ. ಇನ್ನು ವರ್ಷಕ್ಕೊಮ್ಮೆ ನಮ್ಮ ಮಕ್ಕಳಿಗೆ ಕೈಬರಹದಲ್ಲಿ ಒಂದು ಪತ್ರವನ್ನೂ ಬರೆಯಿರಿ. ಅದಕ್ಕೆ ಮಕ್ಕಳು ಉತ್ತರ ಬರೆಯುವಂತೆ ನೋಡಿಕೊಳ್ಳುವ ಹೊಣೆ ನನ್ನದು.